ಆಹ್ ಸೆಂಗನ ಕೊನೆಯ ಮಡಕೆ

ಬೂನ್ ಹೋಕನ ಅಂದಿನ ಫಜೀತಿಗೆಲ್ಲ ಮೂಲ, ಪಕ್ಕದ ಮನೆಯ ಗೆಕ್ ಲಾನಳ ಒಗೆದ ಬಟ್ಟೆ. ಹಿಂದಿನ ಸಂಜೆ ಅದನ್ನು ತೆಗೆಯಲು ಆಕೆ ಮಹಡಿ ಹತ್ತದಿದ್ದರೆ ಚಂದ್ರನನ್ನು ನೋಡುತ್ತಿರಲಿಲ್ಲ. ನೋಡದಿದ್ದರೆ ಬೂನ್ ಹೋಕ ಹೊಟ್ಟೆ ತುಂಬ ಉಂಡು ಮನೆಗೆ ಹೋಗುತ್ತಿದ್ದ.

ಐರ್ ಇತಾಮ್ ಮಾರುಕಟ್ಟೆಯ ಬದಿಯಲ್ಲಿ ದೀಪ ಹೊತ್ತುವ ಸಮಯ. ಆಹ್ ಸೆಂಗನ ಇದ್ದಿಲ ಒಲೆಗಳ ಮೇಲೆ ಮಣ್ಣಿನ ಮಡಕೆಗಳು ಧ್ಯಾನಕ್ಕೆ ಕೂತ ಸನ್ಯಾಸಿಗಳಂತೆ ಮೆಲ್ಲಗೆ ಗುನುಗುತ್ತಿದ್ದವು. ನಾಳೆ ಆಹ್ ಸೆಂಗನ ಮಂಡಿಗೆ ಆಪರೇಷನ್. ಇನ್ನೊಂದು ತಿಂಗಳು ಅಂಗಡಿಗೆ ಬೀಗ. ಹಾಗಾಗಿ ಬೂನ್ ಹೋಕ ಮಧ್ಯಾಹ್ನದ ಊಟ ಬಿಟ್ಟು ಬಂದು ಕೂತಿದ್ದ. ಕಣ್ಣು ಮುಚ್ಚಿದರೆ ಸಾಕು, ಅನ್ನದ ಮೇಲೆ ಕೋಳಿ, ಉಪ್ಪುಮೀನು, ಕಪ್ಪು ಸೋಯಾ, ಕೆಳಗೆ ತಳ ಹಿಡಿದ ಗರಿಗರಿ ಸೀಕಲು, ಎಲ್ಲ ಮೋಡದ ಮೇಲೆ ತೇಲಿ ಬರುತ್ತಿದ್ದವು.

"ಏನ್ ಹೋಕಣ್ಣ, ಕೂತಲ್ಲೇ ನಿದ್ದೆನಾ?" ಗೆಕ್ ಲಾನ್ ತನ್ನ ಕಪ್ಪುಕೋಳಿ ಸೂಪಿನ ಬಟ್ಟಲು ಹಿಡಿದು ಎದುರಿಗೇ ಕೂತಳು. "ಮಡಕೆ ಅನ್ನ ಹೇಳಿದ್ದೀರಾ? ಇವತ್ತು ಹುಣ್ಣಿಮೆ ಅಲ್ವಾ?"

ಮೋಡ ಅಲ್ಲೇ ಒಡೆಯಿತು. ಮಗಳು ಹುಯಿ ಮಿನ್ ಬಸುರಿ. ಅವಳ ಹೆರಿಗೆ ಆಗುವವರೆಗೆ ಅಮಾವಾಸ್ಯೆ ಹುಣ್ಣಿಮೆಗೆ ಮಾಂಸ ಮುಟ್ಟುವುದಿಲ್ಲವೆಂದು ಅವನು ಕ್ವಾನ್ ಇಮ್ ತಾಯಿಗೆ ಹರಕೆ ಹೊತ್ತಿದ್ದ.

"ಹುಣ್ಣಿಮೆನಾ? ಸರಿಯಾಗಿ ಗೊತ್ತಾ ನಿನಗೆ?"

"ನಿನ್ನೆ ಬಟ್ಟೆ ತೆಗೆಯೋವಾಗ ನೋಡಿದೆ. ತಟ್ಟೆ ಹಾಗಿದ್ದ ಚಂದ್ರ. ಇವತ್ತಲ್ಲದೆ ಇನ್ಯಾವತ್ತು?"

"ಮತ್ತೆ ನೀನು ಕೋಳಿ ಕುಡೀತಿದ್ದೀಯ?"

"ಬಸುರಿ ನಿಮ್ಮ ಮಗಳು, ನನ್ನ ಮಗಳಲ್ಲ."

ಅಷ್ಟರಲ್ಲಿ ಆಹ್ ಸೆಂಗ್ ಕುಂಟುತ್ತ ಬಂದು ಮಡಕೆ ಇಟ್ಟು ಮುಚ್ಚಳ ತೆಗೆದ. ಹಬೆ ಎದ್ದು ಬೂನ್ ಹೋಕನ ಗಲ್ಲ ಸವರಿತು. "ಕೊನೇ ಮಡಕೆ ಹೋಕಣ್ಣ. ನಿಮಗೇ ಅಂತ ಕೋಳಿತೊಡೆ ಜಾಸ್ತಿ ಹಾಕಿದ್ದೀನಿ."

"ಕೋಳಿ ಪಕ್ಕಕ್ಕೆ ಸರಿಸಿ ಬರೀ ಅನ್ನ ತಿಂದ್ರೆ?"

"ಕೊಬ್ಬೆಲ್ಲ ಅನ್ನಕ್ಕೆ ಇಳಿದಿರುತ್ತೆ," ಎಂದಳು ಗೆಕ್ ಲಾನ್.

"ಕಟ್ಟಿಕೊಡಪ್ಪ, ನಾಳೆ ತಿಂತೀನಿ."

ಆಹ್ ಸೆಂಗನ ಮುಖ ಸಣ್ಣದಾಯಿತು. "ನಾಳೆಗೆ ಸೀಕಲು ನೆನೆದ ರಟ್ಟಾಗುತ್ತೆ. ನನ್ನ ಮಡಕೆಗೆ ಆ ಅವಮಾನ ಮಾಡಬೇಡಿ."

ಬೂನ್ ಹೋಕ ತಲೆಯೆತ್ತಿದ. ಗುಡ್ಡದ ಮೇಲೆ ಮಂಜು ಸರಿದು ಕ್ವಾನ್ ಇಮ್ ತಾಯಿಯ ದೊಡ್ಡ ಮೂರ್ತಿ ಬೆಳ್ಳಗೆ ನಿಂತಿತ್ತು. ತಾಯಿ ಇಡೀ ಊರು ಬಿಟ್ಟು ತನ್ನ ಮಡಕೆಯೊಳಗೇ ಇಣುಕುತ್ತಿದ್ದಾಳೆ ಎನ್ನಿಸಿತು. ಅವನು ಕೈಜೋಡಿಸಿ, ಮೊಣಕೈಯಿಂದ ಮಡಕೆಯನ್ನು ಗೆಕ್ ಲಾನಳತ್ತ ತಳ್ಳಿದ.

"ಅನ್ನ ಚೆಲ್ಲಬಾರದಲ್ಲ," ಎನ್ನುತ್ತ ಆಕೆ ಸೂಪಿನ ಚಮಚವನ್ನೇ ಅದಕ್ಕೆ ಅದ್ದಿದಳು.

ಮೂಲೆಯ ಸಸ್ಯಾಹಾರಿ ಅಂಗಡಿಯಲ್ಲಿ ಹುಣ್ಣಿಮೆಗೆ ರಸ್ತೆಯವರೆಗೂ ಸಾಲು ನಿಲ್ಲುತ್ತದೆ. ಇಂದು ನರಪಿಳ್ಳೆಯೂ ಇರಲಿಲ್ಲ. ನನ್ನ ತ್ಯಾಗ ನೋಡಿ ತಾಯಿಯೇ ದಾರಿ ಬಿಡಿಸಿದ್ದಾಳೆ ಎಂದುಕೊಂಡು ಅವನು ಬೂದುಗುಂಬಳದ ಸೂಪು ತೆಗೆದುಕೊಂಡ. ಮಳೆನೀರನ್ನು ಬೆಚ್ಚಗೆ ಮಾಡಿದಂತಿತ್ತು. ತೀರ್ಥದ ಹಾಗೆ ಕಣ್ಣು ಮುಚ್ಚಿ ಕುಡಿದ. ಮನಸ್ಸು ನಿಜಕ್ಕೂ ತಿಳಿಯಾಯಿತು.

"ಏನಕ್ಕಾ, ಹುಣ್ಣಿಮೆ ದಿನವೂ ಜನ ಇಲ್ವಲ್ಲ?" ಎಂದು ಬಟ್ಟಲು ಹಿಂತಿರುಗಿಸಿದ.

"ಹುಣ್ಣಿಮೆ ನಾಳೆ ಅಲ್ವಾ? ನಾಳೆ ಬೇಗ ಬನ್ನಿ, ನೂಕುನುಗ್ಗಲು ಇರುತ್ತೆ," ಎಂದಳು ಅಂಗಡಿಯಾಕೆ.

ಅವನು ಓಡಿದ. ಆಹ್ ಸೆಂಗ್ ಒಲೆಗೆ ನೀರು ಚಿಮುಕಿಸುತ್ತಿದ್ದ. ಗೆಕ್ ಲಾನ್ ಮಡಕೆಯ ತಳ ಕೆರೆಯುತ್ತಿದ್ದಳು.

"ಹುಣ್ಣಿಮೆ ನಾಳೆಯಂತೆ!"

"ಹೌದಾ?" ಆಕೆ ಚಮಚ ನೆಕ್ಕಿದಳು. "ಪಾಪ, ಮೊದಲೇ ಕೇಳಬಾರದಿತ್ತಾ? ತಗೊಳ್ಳಿ, ಸೀಕಲು ಒಂದು ಚೂರಿದೆ."

ಅವನು ಅದನ್ನು ಕೈಗೆ ತೆಗೆದುಕೊಂಡಾಗಲೇ ಫೋನು ಹೊಡೆದುಕೊಂಡಿತು. ಮಗಳ ಊರಿಗೆ ಹೋಗಿದ್ದ ಹೆಂಡತಿ. "ರೀ, ಹೆಣ್ಣು ಮಗು. ಸೂರ್ಯ ಮುಳುಗೋ ಹೊತ್ತಿಗೆ ಆಯ್ತು. ಇಬ್ಬರೂ ಚೆನ್ನಾಗಿದ್ದಾರೆ."

ಬೂನ್ ಹೋಕನಿಗೆ ಕಣ್ಣು ತುಂಬಿ ಬಂತು. "ತಾಯಿ ದೊಡ್ಡವಳು ಕಣೇ. ಹಾಗಾದ್ರೆ ನನ್ನ ಹರಕೆ ಮುಗೀತು."

"ನಿಮ್ಮದು ಮುಗೀತು. ನಂದು ಶುರುವಾಯ್ತು."

"ನಿಂದೇನು?"

"ಸುಖವಾಗಿ ಹೆರಿಗೆ ಆದ್ರೆ ಆ ಗಳಿಗೆಯಿಂದ ಒಂದು ತಿಂಗಳು ಮಾಂಸ ಮುಟ್ಟಲ್ಲ ಅಂತ ಬೇಡ್ಕೊಂಡಿದ್ದೆ."

"ಒಳ್ಳೇದಾಯ್ತು. ನೀನು ಮುಟ್ಟಬೇಡ."

"ನಾನಲ್ಲ, ನೀವು. ಬಾಣಂತಿಗೆ ದಿನಾ ಕೋಳಿ ಸೂಪು ಕುದಿಸಿ ರುಚಿ ನೋಡೋಳು ನಾನು. ನಾನು ಹೇಗೆ ಬಿಡೋಕಾಗುತ್ತೆ?"

ಸೂರ್ಯ ಮುಳುಗುವ ಹೊತ್ತು. ಮಡಕೆಯ ಮುಚ್ಚಳ ತೆಗೆಯುವುದಕ್ಕೂ ಮೊದಲು.

ಕೊಬ್ಬಿನಲ್ಲಿ ಮಿನುಗುತ್ತಿದ್ದ ಸೀಕಲಿನ ಚೂರನ್ನು ಅವನು ಮೆಲ್ಲಗೆ ಮಡಕೆಗೇ ಹಾಕಿದ. ಗೆಕ್ ಲಾನ್ ಅದನ್ನೂ ಬಾಯಿಗೆ ಹಾಕಿಕೊಂಡು, "ಮೊಮ್ಮಗಳು ಬಂದಳಾ? ಬಾಯಿ ಸಿಹಿಯಾಯ್ತು," ಎಂದಳು.

ಗುಡ್ಡದ ಮೇಲೆ ಚಂದ್ರ ಎದ್ದಿದ್ದ. ಬೂನ್ ಹೋಕ ಈಗ ಸರಿಯಾಗಿ ನೋಡಿದ. ಒಂದು ಅಂಚು, ಯಾರೋ ಚಮಚದಲ್ಲಿ ಕೆರೆದು ತಿಂದ ಹಾಗೆ, ತುಸುವೇ ತುಸು ಕಡಿಮೆಯಿತ್ತು.