ಪಾದ್ರಿಗಳ ಸೈಕಲ್ಲೂ ನನ್ನ ಮೂಗರ್ಜಿಗಳೂ

ನಮ್ಮೂರ ಪಾದ್ರಿಗಳಿಗೆ ಸೈಕಲ್ ಹತ್ತೋಕೆ ಬತ್ತಿತ್ತು, ತುಳಿಯೋಕೂ ಬತ್ತಿತ್ತು. ಇಳಿಯೋಕೆ ಮಾತ್ರ ಸಾಯೋಗಂಟ ಬರಲೇ ಇಲ್ಲ! ನಂಬಲ್ಲ ಅಂತೀರಾ? ನಂಬದೆ ಇರಿ ನೋಡಣ, ತಾಕತ್ತಿದ್ರೆ! ನಾನು ಜೀವಮಾನವೆಲ್ಲ ಒಂದಕ್ಕೆ ಎರಡು ಸೇರಿಸಿ ಬರ್ಕಂಡೇ ಅನ್ನ ತಿಂದೋನು. ಆದ್ರೂ ಇದು ಸುಳ್ಳಲ್ಲ. ಸುಳ್ಳೇ ಆಗಿದ್ರೆ ಇದಕ್ಕಿಂತ ಚೆನ್ನಾಗಿ ಹೇಳ್ತಿದ್ದೆ.

ಮಹಾರಾಜರ ಕಾಲದ ಮಾತು ಇದು. ಈಗಿನ ಕನಕಪುರಕ್ಕೆ ಆಗ ಕಾನಕಾನಹಳ್ಳಿ ಅಂತಿದ್ರು. ತಾಲ್ಲೂಕು ಕಚೇರಿ ಮುಂದೆ ಒಂದು ಹುಣಸೆ ಮರ, ಮರದ ಕೆಳಗೆ ಒಂದು ಚಾಪೆ, ಚಾಪೆ ಮ್ಯಾಲೆ ನಾನು. ಅರ್ಜಿ ಬರೆಯೋದು ನನ್ನ ಕಸುಬು, ಊರೋರ ಬಾಯಲ್ಲಿ ನಾನು ಅರ್ಜಿಗೌಡ. ಅಮಲ್ದಾರರಿಗೆ ಅರ್ಜಿ, ಶೇಕ್‌ದಾರರಿಗೆ ಅರ್ಜಿ, ಬೇಕು ಅಂದ್ರೆ ಯಮಧರ್ಮರಾಯನಿಗೂ ಅರ್ಜಿ! ನಾನು ಬರೆದ ಅರ್ಜಿ ಓದಿ ಒಬ್ಬ ಅಮಲ್ದಾರರು ಗಳಗಳ ಕಣ್ಣೀರು ಸುರಿಸಿದ್ರು. ಊರೆಲ್ಲ ಹೇಳ್ಕಂಡು ಬಂದೆ. ಆಮೇಲೆ ಗೊತ್ತಾಯ್ತು, ಅವತ್ತು ಅವ್ರಿಗೆ ಕಣ್ಬೇನೆ ಇತ್ತಂತೆ.

ಅರ್ಜಿ ಮುಗಿದ ಮ್ಯಾಲೆ ಎಡಗಡೆ ಮೂಲೇಲಿ ‘ಬಿಕ್ಕಲಂ’ ಅಂತ ಹಾಕಿ, ಬರೆದೋನು ತನ್ನ ರುಜು ಹಾಕ್ಬೇಕು. ಅದು ನಮ್ಮ ಕಸುಬಿನ ಕಟ್ಟಳೆ. ನನ್ನ ರುಜು ನೋಡೋಕೆ ಬಾಲ ಎತ್ತಿದ ಕೋತಿ ಇದ್ದಂಗಿತ್ತು. ಓದು ಬರದೋರೂ ದೂರದಿಂದ್ಲೇ ಗುರುತು ಹಿಡೀತಿದ್ರು. ಏನು ಹೆಮ್ಮೆ ಅಂತೀರಾ ನಂಗೆ!

ರಸ್ತೆಯ ಆಚೆ ಬದಿ ಮೆಥೋಡಿಸ್ಟ್ ದೇವಾಲಯ, ಅದರ ಪಕ್ಕದಲ್ಲೇ ಪಾದ್ರಿಗಳ ಮನೆ. ಮಿಷನ್ನೋರು ಅವ್ರಿಗೊಂದು ಸೈಕಲ್ ಕೊಟ್ಟಿದ್ರು. ಯಾರೋ ಆರಡಿ ದೊರೆ ತುಳಿದು ಬುಟ್ಟಿದ್ದು. ನಮ್ಮ ಪಾದ್ರಿಗಳೋ ಸೇರಿನಷ್ಟೆತ್ತರ! ಮನೆ ಜಗಲಿ ಮ್ಯಾಲಿಂದ ಹತ್ತಿ ಕೂತು ಹೊರಟರು ಅಂದ್ರೆ, ಕಾಲು ನೆಲಕ್ಕೆ ಎಟುಕೋದು ಎಲ್ಲಿ ಬಂತು? ಒಂದಿನ ಕಬ್ಬಾಳು, ಒಂದಿನ ಮರಳವಾಡಿ, ತಿಂಗಳಿಗೊಂದು ಸಲ ಚನ್ನಪಟ್ಟಣ. ಊರು ಕಾಣ್ತಿದ್ದಂಗೆ ಗಂಟೆ ಬಾರಿಸ್ತಾ, “ಹಿಡೀರಪ್ಪಾ! ಹಿಡೀರಿ!” ಅಂತ ಕೂಗು ಹಾಕೋರು. ಊರೂರಿಗೂ ಹಿಡಿಯೋ ಜನ ಗೊತ್ತಾಗಿದ್ರು. ಚನ್ನಪಟ್ಟಣದಲ್ಲಿ ಬೊಂಬೆ ಕೆಲಸದ ಒಬ್ಬ ಸಾಬರು. ಕಬ್ಬಾಳಲ್ಲಿ ಯಾರು ಗೊತ್ತಾ? ಕಬ್ಬಾಳಮ್ಮನ ಗುಡಿ ಪೂಜಾರಪ್ಪ! ಮಂಗಳಾರತಿ ತಟ್ಟೆ ಕೆಳಗಿಟ್ಟು ಓಡಿ ಬಂದು ಪಾದ್ರಿಗಳನ್ನ ಸೊಂಟ ಹಿಡಿದು ಇಳಿಸೋನು. ಪಾದ್ರಿಗಳ ಉಪದೇಶ ಕೇಳೋಕೆ ನಾಕು ಜನ ಬಂದ್ರೆ, ಇಳಿಸೋದು ನೋಡೋಕೆ ಊರೇ ಬತ್ತಿತ್ತು.

ನಮ್ಮೂರಲ್ಲಿ ಹಿಡಿಯೋ ಪಾಳಿ ನಂದು. ಒಂದಿನ ನಂಗೆ ಕುಚೋದ್ಯ ಹುಟ್ಟಿತು.

“ಅರ್ಜಿಗೌಡ್ರೇ, ಹಿಡೀರಿ!”

“ಒಸಿ ತಾಳಿ ಅಯ್ಯನೋರೆ, ಈ ಅರ್ಜಿ ಮುಗಿಸ್ಬುಡ್ತೀನಿ!”

ಮುಗಿಸೋ ಅರ್ಜಿ ಯಾವುದೂ ಇರ್ಲಿಲ್ಲ. ಪಾದ್ರಿಗಳು ಹುಣಸೆ ಮರ ಸುತ್ತೋಕೆ ಹತ್ತಿದ್ರು. ಎರಡು ಸುತ್ತು ಆಯ್ತು, ಮೂರಾಯ್ತು. ಕಚೇರಿಗೆ ಬಂದೋರೆಲ್ಲ ಸುತ್ತ ಸೇರಿಕಂಡ್ರು. ಜನ ಸೇರಿದ್ರೆ ಪಾದ್ರಿಗಳು ಸುಮ್ನಿರ್ತಾರಾ? ಸೈಕಲ್ ಮ್ಯಾಲಿಂದ್ಲೇ ಉಪದೇಶ ಶುರು! ಸುತ್ತಿಗೊಂದು ಮಾತು. ಅದೂ ಯಾತರ ಬಗ್ಗೆ? ತಾಳ್ಮೆ ಬಗ್ಗೆ! ಹನ್ನೊಂದನೇ ಸುತ್ತಿಗೆ ನೆಟ್ಟಗೆ ನನ್ನ ಚಾಪೆ ಮ್ಯಾಲೇ ಬಿದ್ರು. ಶಾಯಿ ಕುಡಿಕೆ ಮಗುಚಿ ನನ್ನ ಹೊಸ ಪಂಚೆ ಕಪ್ಪಿಟ್ಟು ಹೋಯ್ತು. ಪಾದ್ರಿಗಳು ಎದ್ದು ಕೋಟು ಒದರಿಕಂಡು, “ಹೇಳೋದು ಮುಗಿದಿತ್ತು, ಸರಿಯಾದ ಹೊತ್ತಿಗೇ ಇಳಿಸಿದಿರಿ” ಅಂದ್ರು. ಜನ ನಕ್ಕಿದ್ದು ಯಾರ್ನ ನೋಡಿ ಅಂತ ನಾನು ಬಾಯಿ ಬಿಟ್ಟು ಹೇಳ್ಬೇಕಾ?

ಇನ್ನೊಂದು ಖಯಾಲಿ ಇತ್ತು ಅವ್ರಿಗೆ. ಸಂಜೆ ಜಗಲಿ ಮ್ಯಾಲೆ ಕೂತು ಬಡಬಗ್ಗರಿಗೆ ಪುಕ್ಕಟೆ ಅರ್ಜಿ ಬರೆದುಕೊಡೋದು! ನನ್ನ ಎದುರಿಗೇ, ರಸ್ತೆಯ ಆಚೆ ಬದೀಲಿ! ನಂಗೇನೂ ಹೊಟ್ಟೆ ಉರೀಲಿಲ್ಲ. ದೇವ್ರಾಣೆ ಉರೀಲಿಲ್ಲ. ನನ್ನ ಚಾಪೆ ಮ್ಯಾಲೆ ನೊಣ ಬುಟ್ರೆ ಯಾರೂ ಕೂರ್ತಿರ್ಲಿಲ್ಲ, ನನ್ನ ಹೆಂಡ್ತಿ ರಾಗಿ ಹಿಟ್ಟಿಗೆ ನೀರು ಜಾಸ್ತಿ ಹಾಕೋಕೆ ಶುರು ಮಾಡಿದ್ಲು, ಅದು ಬೇರೆ ಮಾತು.

ಇಂಥಾದ್ರಲ್ಲಿ ಪಾದ್ರಿಗಳಿಗೆ ವರ್ಗದ ಹೊತ್ತು ಬಂತು. ಮೆಥೋಡಿಸ್ಟ್ ಮಿಷನ್ನೋರ ಪದ್ಧತಿ ಹಂಗೆ: ಒಂದೂರಲ್ಲಿ ಮೂರು ವರ್ಷ ಆಗ್ತಿದ್ದಂಗೆ ಪಾದ್ರಿಗಳನ್ನ ಎತ್ತಿ ಬೇರೆ ಊರಿಗೆ ಹಾಕೋದು. ಅವರನ್ನ ಇಲ್ಲೇ ಉಳಿಸ್ಕಬೇಕು ಅಂತ ನಾನೊಂದು ಉಪಾಯ ಹೂಡಿದೆ. ಎಂಥಾ ತಲೆ ನೋಡಿ ನಂದು! ಒಳ್ಳೇ ಪಾದ್ರಿ ಅಂತ ಬರೆದ್ರೆ ಮೈಸೂರಿಗೆ ಕರೆಸ್ಕಂಬುಡ್ತಾರೆ. ಕೆಟ್ಟ ಪಾದ್ರಿ ಅಂತ ಬರೆದ್ರೆ? ಯಾವೂರೋರೂ ನಮಗೆ ಬೇಕು ಅನ್ನಲ್ಲ! ಕೂತು ಮೈಸೂರಿನ ಮಿಷನ್ನೋರಿಗೆ ಒಂದು ಮೂಗರ್ಜಿ ಬರೆದೆ, ಹೆಸರಿಲ್ಲ, ಊರಿಲ್ಲ. ಅಕ್ಷರದ ಗುರುತು ಸಿಗಬಾರ್ದು ಅಂತ ಎಡಗೈಯಲ್ಲಿ ಬರೆದೆ. ಸೈಕಲ್ ಇಳಿಯೋಕೆ ಬರಲ್ಲ ಅಂದೆ. ಹಾಡೋಕೆ ಬಾಯಿ ತೆಗೆದ್ರೆ ಕಟ್ಟಿದ ಎಮ್ಮೆ ಹಗ್ಗ ಕಿತ್ಕಂಡು ಓಡ್ತದೆ ಅಂದೆ. ಉಪದೇಶ ಮಾಡ್ತಾ ಮಾಡ್ತಾ ತಾನೇ ಅಳ್ತಾರೆ, ಕೇಳೋರು ಸಮಾಧಾನ ಮಾಡ್ಬೇಕು ಅಂದೆ. ತನಗೆ ಸಂಬಂಧ ಇಲ್ಲದ ಕೆಲಸಕ್ಕೆಲ್ಲ ಕೈ ಹಾಕ್ತಾರೆ ಅಂತ್ಲೂ ಒಸಿ ಒತ್ತಿ ಬರೆದೆ.

ತನಿಖೆಗೆ ಮೈಸೂರಿಂದ ದೊಡ್ಡ ಪಾದ್ರಿ ಬಂದ, ಬಿಳೀ ದೊರೆ. ಅವನ ಕನ್ನಡವೋ ಪುಸ್ತಕದಿಂದ ಇಳಿದು ಬಂದಂಗೆ! ಕಬ್ಬಾಳಿಗೂ ಹೋದ. “ಈತನು ಸೈಕಲ್ಲಿನಿಂದ ಇಳಿಯಲಾರನು ಎಂಬುದು ಸತ್ಯವೋ?” ಅಂದನಂತೆ.

“ಸತ್ಯ ಕಣ್ ದೊರೆ. ಅದ್ಕೇನೀಗ? ಇಳಿಸೋಕೆ ನಾವಿಲ್ವಾ?” ಅಂದನಂತೆ ಪೂಜಾರಪ್ಪ.

ಕೊನೆಗೆ ದೊರೆ ನನ್ನ ಚಾಪೆಗೇ ಬಂದು ಕೂತ. “ಈ ಅರ್ಜಿಯನ್ನು ಬರೆದವನು ಯಾರೆಂದು ನೀವು ಬಲ್ಲಿರಾ?”

“ಯಾವನೋ ತಲೆಹರಟೆ ಇರ್ಬೇಕು ದೊರೆ.”

“ನನಗೂ ಹಾಗೆಯೇ ತೋರುತ್ತದೆ” ಅಂತ ನನ್ನನ್ನೇ ಬಾಳ ಹೊತ್ತು ನೋಡಿದ. ನಾನು ಲೇಖಣಿ ತುದಿ ನೋಡ್ತಾ ಕೂತೆ.

ತೀರ್ಮಾನ ಏನಾಯ್ತು? “ಬೇರೆ ಯಾವ ಊರೂ ಈತನನ್ನು ಬೇಡದು. ಇಲ್ಲಿ ಹಿಡಿಯುವ ಜನರಾದರೂ ಇದ್ದಾರೆ. ಇಲ್ಲಿಯೇ ಇರಲಿ!” ನೋಡಿದ್ರಾ ನನ್ನ ತಲೆ! ಆ ಮ್ಯಾಲೆ ಪಾದ್ರಿಗಳು ಅರ್ಜಿ ಬರೆಯೋದು ಬುಟ್ಟೇಬುಟ್ರು. ಯಾರೇ ಬಂದ್ರೂ, “ಅರ್ಜಿಗೌಡರ ಹತ್ರ ಹೋಗಿ. ಅವರಂಗೆ ಬರೆಯೋಕೆ ನನಗೆಲ್ಲಿ ಬರ್ತದೆ?” ಅಂತ ನನ್ನ ಚಾಪೆಗೆ ಕಳಿಸೋರು. ಕಡೆಗೂ ನನ್ನ ಬರವಣಿಗೆಗೆ ಸೋತರು ಅಂತ ಮೀಸೆ ತಿರುವಿದೆ. ಅವ್ರು ಕಳಿಸಿದ ಬಡವರಿಗೆ ನಾನೂ ಪುಕ್ಕಟೆ ಬರೆದುಕೊಟ್ಟೆ ಅಂತ ಇಟ್ಕಳಿ. ಏನು ಮಾಡ್ಲಿ, ಎದುರಿಗೇ ಜಗಲಿ ಮ್ಯಾಲೆ ಕೂತು ನೋಡ್ತಿರೋರು!

ಮೂರು ವರ್ಷ ಆದ ಮ್ಯಾಲೆ ಇನ್ನೊಂದು ಮೂಗರ್ಜಿ. ಮತ್ತೆ ಮೂರು ವರ್ಷಕ್ಕೆ ಮತ್ತೊಂದು. ಅಷ್ಟೊತ್ತಿಗೆ ಸಂಜೆ ಆದ್ರೆ ಅವರ ಜಗಲಿ ಮ್ಯಾಲೇ ನಂಗೆ ಕಾಫಿ. ಆ ಕಾಫಿ ಕುಡೀತಾ ಕುಡೀತಾನೇ ಮೂರನೇ ಅರ್ಜಿಗೆ ತಪ್ಪು ಹುಡುಕಿದೆ. ಎಷ್ಟು ಹುಡುಕಿದ್ರೂ ಸಿಗಲಿಲ್ಲ. ಕೊನೆಗೆ, ಕಾಫಿಗೆ ಬೆಲ್ಲ ಕಮ್ಮಿ ಹಾಕ್ತಾರೆ ಅಂತ ಬರೆದೆ.

ಒಂದು ಆಷಾಢದಲ್ಲಿ ಮರಳವಾಡಿಯಿಂದ ಮಳೇಲಿ ತುಳಿದು ಬಂದ್ರು. ಹಿಡಿದು ಇಳಿಸಿದಾಗ್ಲೇ ಮೈ ಕೆಂಡ ಆಗಿತ್ತು. ಐದನೇ ದಿನ ನೋಡೋಕೆ ಹೋದೆ. ಮಂಚದ ಪಕ್ಕ ಕೂತೆ. ದನಿ ಕೆಳಗಿಳಿದಿತ್ತು.

“ಅರ್ಜಿಗೌಡ್ರೇ, ವರ್ಗದ ಆರ್ಡರು ಬಂದಿದೆ.”

“ಎಲ್ಲಿಗೆ ಅಯ್ಯನೋರೆ? ನಾನು ಬುಡಲ್ಲ!”

“ಇದಕ್ಕೆ ನಿಮ್ಮ ಮೂಗರ್ಜಿ ನಡೆಯೋದಿಲ್ಲ.”

“ಯಾವ ಮೂಗರ್ಜಿ?” ಅಂದೆ. ಅವ್ರು ನಕ್ಕು ಕಣ್ಣು ಮುಚ್ಚಿದ್ರು. ಮಾರನೇ ದಿನ ಬೆಳಿಗ್ಗೆ ಹೋಗ್ಬುಟ್ರು.

ಸಮಾಧಿ ಗುಂಡಿ ಮುಂದೆ ಪೆಟ್ಟಿಗೆಗೆ ಹಗ್ಗ ಹಾಕಿದ್ರು. ಒಂದು ಕೊನೆ ಚನ್ನಪಟ್ಟಣದ ಸಾಬರು ಹಿಡಿದ್ರು, ಒಂದು ಪೂಜಾರಪ್ಪ, ಒಂದು ದೇವಾಲಯದ ಹಿರಿಯರು, ಒಂದು ನಾನು. ಆಗ ಪೂಜಾರಪ್ಪ ಮೆಲ್ಲಗೆ ಅಂದ: “ಹಿಡೀರಪ್ಪಾ, ಹಿಡೀರಿ.” ಅವರನ್ನ ಇಳಿಸೋ ಕೆಲಸ ಅವತ್ತಿಗೆ ಮುಗೀತು.

ವಾರದ ಮ್ಯಾಲೆ ಪಾದ್ರಿಗಳ ಹೆಂಡ್ತಿ ಅಮ್ಮನೋರು ನನ್ನ ಕರೆಸಿ, “ನಿಮ್ಮ ಕಾಗದ ನಿಮಗೇ ಸೇರ್ಬೇಕು ಅಂದಿದ್ರು” ಅಂತ ಮೂರು ಹಾಳೆ ಕೈಗಿಟ್ರು. ನನ್ನವೇ ಮೂರು ಮೂಗರ್ಜಿ! ಸಮಜಾಯಿಷಿ ಕೇಳಿ ದೊಡ್ಡ ಪಾದ್ರಿ ಇವ್ರಿಗೇ ಕಳಿಸಿದ್ದ. ಎಡಗಡೆ ಮೂಲೆ ನೋಡ್ತೀನಿ, ‘ಬಿಕ್ಕಲಂ’! ಅದರ ಪಕ್ಕ ಬಾಲ ಎತ್ತಿದ ನನ್ನ ಕೋತಿ! ಮೂರಕ್ಕೆ ಮೂರರಲ್ಲೂ! ಹೆಸರಿಲ್ಲದ ಅರ್ಜಿಗೆ ರುಜು ಹಾಕಿ ಕಳಿಸಿದ ಮಹಾ ಬುದ್ಧಿವಂತ ಮೈಸೂರು ಸೀಮೇಲಿ ಇನ್ನೊಬ್ಬ ಇದ್ದಾನಾ? ಕೈಗೆ ಅಭ್ಯಾಸ, ಎಡಗೈ ಆದ್ರೇನು, ಬಲಗೈ ಆದ್ರೇನು! ದೊರೆಗೂ ಗೊತ್ತಿತ್ತು, ಪಾದ್ರಿಗಳಿಗೂ ಗೊತ್ತಿತ್ತು. ಗೊತ್ತಿಲ್ಲದೋನು ನಾನೊಬ್ಬನೇ.

ಹಾಳೆಗಳ ಬೆನ್ನಿಗೆ ಪಾದ್ರಿಗಳು ತಮ್ಮ ಜವಾಬಿನ ನಕಲು ಇಟ್ಟಿದ್ರು. ಎರಡನೇದು, ಮೂರನೇದರ ಹಿಂದೆ ಒಂದೇ ಸಾಲು: “ಇದನ್ನು ಬರೆದವರ ಮನಸ್ಸಿನ ಕೋರಿಕೆಯೇ ನನ್ನ ಕೋರಿಕೆ.” ಮೊದಲನೇದರ ಹಿಂದೆ: “ಇದರಲ್ಲಿರುವುದೆಲ್ಲ ನಿಜ. ಬರೆದವರ ಸಿಟ್ಟೂ ನ್ಯಾಯವೇ. ತಿಳಿಯದೆ ಅವರ ಅನ್ನಕ್ಕೆ ಕೈ ಹಾಕಿದೆ. ಇನ್ನು ನಾನು ಅರ್ಜಿ ಬರೆಯುವುದಿಲ್ಲ. ಇವರಿಂದ ನನ್ನನ್ನು ದೂರ ಕಳಿಸಬೇಡಿ.”

ಇಷ್ಟು ಹೊತ್ತು ಹೇಳಿದ್ದೆಲ್ಲ ನಿಜ. ಸೈಕಲ್ಲು ನಿಜ, ಹನ್ನೊಂದು ಸುತ್ತು ನಿಜ, ಪೂಜಾರಪ್ಪ ನಿಜ. ನಾನು ಕಟ್ಟಿ ಸೇರಿಸಿದ್ದು ಒಂದೇ ಒಂದು. ವರ್ಗದ ಹೊತ್ತು ಬಂತು, ಅವರನ್ನ ಉಳಿಸ್ಕಳ್ಳೋಕೆ ಮೊದಲನೇ ಅರ್ಜಿ ಬರೆದೆ ಅಂದ್ನಲ್ಲ, ಅದು. ಅದನ್ನ ನಾನು ಬರೆದಿದ್ದು ಅವರನ್ನ ಓಡಿಸೋಕೆ.