ಸರ್ವಾನುಮತದಿಂದ ಲಿಫ್ಟ್ ಬಂದ್

ಡೊಂಬಿವ್ಲಿಯ ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯಾಗಿ ನಾನು ಜನರ ಆರೋಗ್ಯಕ್ಕೆ ಸಲ್ಲಿಸಿದ ಸೇವೆಯನ್ನು ಬೇರೆ ಯಾರೂ ಬರೆಯುವುದಿಲ್ಲ. ಬರೆದರೂ ಪೊಲೀಸರಿಗೆ ಕೊಡುವ ದೂರಿನಂತೆ ಬರೆದಾರು. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಐದನೇ ಮಹಡಿಯ ವಾಸು ಶೆಟ್ಟರು ಉಡುಪಿ ಕಡೆಯವರು. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಜೀವಮಾನವಿಡೀ ಕೂತು ಹೃದಯ ಕೆಡಿಸಿಕೊಂಡವರು. ಮೆಟ್ಟಿಲು ಹತ್ತಿಳಿಯಬಾರದು, ಸಪಾಟು ಜಾಗದಲ್ಲಿ ದಿನಾ ಅರ್ಧ ಗಂಟೆ ನಡೆಯಬೇಕು ಎಂದು ಡಾಕ್ಟರ ಆಜ್ಞೆ. ಆದರೆ ಕಾಂಪೌಂಡಿನ ತುಂಬ ಕಾರು, ರಸ್ತೆಯ ತುಂಬ ರಿಕ್ಷಾ.

"ಎಲ್ಲಿ ನಡೆಯುದು ಮಾರಾಯ್ರೆ? ಗೋಡೆ ಮೇಲೆಯಾ?" ಎಂದರು ಶೆಟ್ಟರು.

"ಚಿಂತಿ ಬಿಡ್ರಿ. ಎಲ್ಲಾರನೂ ಕೂಡಿಸಿ ಪ್ಲ್ಯಾನ್ ಮಾಡೋಣು" ಎಂದೆ. ಜನರ ಯೋಜನೆಯನ್ನು ಜನರೇ ರೂಪಿಸಬೇಕೆಂಬುದು ನನ್ನ ಸಿದ್ಧಾಂತ.

ಕೆಳಗೆ ಕಾರುಗಳಿದ್ದುದರಿಂದ ಸಭೆ ಕಟ್ಟಡದ ನೆತ್ತಿಯ ಗಚ್ಚಿಯ ಮೇಲೆ ಸೇರಿತು. ಗಚ್ಚಿಗೆ ಲಿಫ್ಟ್ ಇಲ್ಲ, ಶೆಟ್ಟರು ಬರುವಂತಿಲ್ಲ. ಯಾರಿಗಾಗಿ ಸಭೆಯೋ ಅವರೊಬ್ಬರನ್ನು ಬಿಟ್ಟು ಕೋರಂ ಪೂರ್ಣವಾಗಿತ್ತು!

ಕಾರು ಸರಿಸಿ ನಡೆಯುವ ದಾರಿ ಮಾಡೋಣವೆಂದೆ. ಸಭೆಗೆ ಕಿವುಡು ಬಂತು. ಕೊನೆಗೆ ನೆಲಮಹಡಿಯ ಜೋಶಿ ಕಾಕಾ ಎದ್ದರು. "ಅಹೋ ಸೆಕ್ರೆಟರಿ, ಸಕಾಳೀ ಏಕ್ ತಾಸ್ ಲಿಫ್ಟ್ ಬಂದ್ ಕರಾ!" ಬೆಳಿಗ್ಗೆ ಏಳರಿಂದ ಎಂಟರವರೆಗೆ ಒಂದು ತಾಸು ಲಿಫ್ಟ್ ನಿಂತರೆ ಕಟ್ಟಡವೇ ವ್ಯಾಯಾಮಶಾಲೆ! ಕೆಳಗಿನ ಮಹಡಿಯವರೆಲ್ಲ ಕೈ ಎತ್ತಿದರು. ಮೇಲಿನವರು ಆರರ ಲೋಕಲ್ ರೈಲು ಹಿಡಿಯುವವರು. ತಮಗೇನೆಂದು ಅವರೂ ಎತ್ತಿದರು. ನನ್ನ ಮನೆ ಮೊದಲ ಮಹಡಿಯಲ್ಲಿ. ನಾನು ಎರಡೂ ಕೈ ಎತ್ತಿದೆ.

"ಅಲ್ರೀ, ಶೆಟ್ರನ್ನ ಒಂದ್ ಮಾತ್ ಕೇಳೀರೇನು?" ಎಂದಳು ಹೆಂಡತಿ.

"ಏಳರೊಳಗ ಇಳೀಲಿ, ಎಂಟರ ಮ್ಯಾಲೆ ಹತ್ತಲಿ. ಅವರಿಗೂ ಹೊರಗಿನ ಗಾಳಿ!"

ಲಿಫ್ಟಿನ ಸ್ವಿಚ್ ಇದ್ದ ಕೋಣೆಗೆ ಬೀಗ ಹಾಕಿದೆ. ವಾಚ್‌ಮನ್ ಕರುಣಾಳು, ಯಾರಾದರೂ ಬೇಡಿಕೊಂಡರೆ ತೆಗೆದಾನು. ಆದ್ದರಿಂದ ಕೀಲಿ ನನ್ನ ಕಿಸೆಯಲ್ಲೇ. ನಡೆಯುವಾಗ ಮೊಬೈಲ್ ಕೂಡದು ಎಂಬ ನಿಯಮವನ್ನೂ ನಾನೇ ಮಾಡಿದ್ದರಿಂದ ಮೊಬೈಲ್ ಮನೆಯಲ್ಲೇ.

ಮೂರನೆಯ ದಿನ ಎಂಟಕ್ಕೆ, ಸ್ಟೇಷನ್ ಬಳಿ ಎರಡು ಚಹಾದಷ್ಟು ವ್ಯಾಯಾಮ ಮುಗಿಸಿ ಮರಳಿದೆ. ಹೆಂಡತಿ ಗೇಟಿನಲ್ಲಿ ನಿಂತಿದ್ದಳು.

"ಕೀಲಿ ಎಲ್ಲದರಿ?"

"ಕಿಸೆದಾಗ."

"ಅಲ್ಲೇ ಇರ್ಲಿ. ಇನ್ನ ಬ್ಯಾಡ."

ಏಳೂ ಹತ್ತಕ್ಕೆ ಶೆಟ್ಟರಿಗೆ ಎದೆನೋವು. ಪಕ್ಕದ ಕಟ್ಟಡದ ಕೆಲಸಕ್ಕೆ ಬಂದಿದ್ದ ಕಲಬುರಗಿಯ ನಾಲ್ವರು ಕೂಲಿಗಳು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಐದು ಮಹಡಿ ಇಳಿಸಿದ್ದರು. ಕಾಂಪೌಂಡಿನ ಕಾರುಗಳ ನಡುವೆ ಸ್ಟ್ರೆಚರ್ ತೂರಲಿಲ್ಲ. ಗೇಟಿನವರೆಗೂ ಅದೇ ಕುರ್ಚಿ.

ಜೀವ ಉಳಿಯಿತು. ಹೃದಯ ಅರ್ಧ ಉಳಿಯಿತು. ತಡವಾಗದಿದ್ದರೆ ಇನ್ನಷ್ಟು ಉಳಿಯುತ್ತಿತ್ತೆಂದರು ಡಾಕ್ಟರು, ನನ್ನನ್ನು ಬಂಧುವೆಂದು ತಿಳಿದು.

ಹಾಸಿಗೆಯ ಬಳಿ ತಲೆ ತಗ್ಗಿಸಿ ನಿಂತೆ. ಶೆಟ್ಟರು ಕಣ್ಣು ತೆರೆದರು.

"ಬೇಜಾರು ಮಾಡ್ಬೇಡಿ ಮಾರಾಯ್ರೆ. ನಿಮ್ಮ ಪ್ಲ್ಯಾನ್ ಪಾಸಾಯ್ತು. ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ವ್ಯಾಯಾಮ ಆಯ್ತಲ್ಲ!"

ಈಗ ಅವರಿಗೆ ನಡೆಯುವುದೂ ನಿಷಿದ್ಧ. ಕಿಟಕಿಯಿಂದ ಕುರ್ಚಿಯವರೆಗೆ ಮಾತ್ರ. ಪೇಪರ್ ಓದಿ ಹೇಳಲು ನಾನು ದಿನಾ ಬೆಳಿಗ್ಗೆ ಹೋಗುತ್ತೇನೆ. ಲಿಫ್ಟ್ ಈಗ ಹಗಲಿರುಳೂ ಚಾಲೂ. ಆದರೂ ನಾನು ಮೆಟ್ಟಿಲು ಹತ್ತಿಯೇ ಹೋಗುತ್ತೇನೆ.

ಲಿಫ್ಟಿನಲ್ಲಿ ನೆರೆಹೊರೆಯವರಿರುತ್ತಾರೆ.