ಖಾಲಿ ಕೋಣೆಗೆ ಬಾರದ ಲಾರಿ

ಕೆಲವರಿಗೆ ಕೈಗುಣ, ಕೆಲವರಿಗೆ ಕಾಲ್ಗುಣ ಅಂತಾರೆ. ನನಗಿರುವುದು ಬಾಗಿಲ ಗುಣ. ಯಾವ ಊರಿನಲ್ಲಿ ಯಾವ ಬಾಗಿಲು ಹಾಕಿಕೊಂಡು ಸುಮ್ಮನೆ ಕೂರೋಣ ಅಂದುಕೊಂಡರೂ ಯಾರೋ ಬಂದು ತಟ್ಟುತ್ತಾರೆ. ತಟ್ಟಿದವರು ಬರಿಗೈಲಿ ಬಂದಿರುವುದಿಲ್ಲ.

ಮನೆ ಅಲಂಕಾರದ ದುಬಾರಿ ಪತ್ರಿಕೆಗಳಿರುತ್ತವಲ್ಲ, ಮಲಗಿಕೊಂಡು ಓದಿದರೆ ಎದೆ ಮೇಲೆ ಯಾರೋ ಕೂತಂತಾಗುವಂಥವು, ಅವುಗಳಲ್ಲಿ ಫೋಟೋ ಕೆಳಗೆ ನಾಲ್ಕು ಸಾಲು ಬರೆಯುವುದು ನನ್ನ ಹೊಟ್ಟೆಪಾಡು. ಇಪ್ಪತ್ತೈದು ವರ್ಷ ದೇಶ ದೇಶ ಸುತ್ತಿ ಪರರ ಮನೆ ಹೊಗಳಿದ್ದೇನೆ. ಆ ಫೋಟೋಗಳ ಸುಳ್ಳು ನನಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರಲಿಕ್ಕಿಲ್ಲ. ಲಿಸ್ಬನ್ನಿನ ಒಂದು ಮನೆಯಲ್ಲಿ ಬಚ್ಚಲೆಂದುಕೊಂಡು ತಪ್ಪು ಬಾಗಿಲು ತೆಗೆದೆ. ಒಳಗೆ ಇಡೀ ಸಂಸಾರ ತುರುಕಿತ್ತು: ಒಣಗದ ಬಟ್ಟೆ, ಮಕ್ಕಳ ಸೈಕಲ್ಲು, ಮೂರು ಫ್ಯಾನು, ಸೂಟ್‌ಕೇಸಿನ ಮೇಲೆ ಕೂತ ಮುದುಕಿ. ಮುಗೀತಾ ಎಂದು ಆಕೆ ಕೈಸನ್ನೆಯಲ್ಲೇ ಕೇಳಿದಳು. ಇನ್ನೊಂದು ಗಂಟೆ ಎಂದು ಬೆರಳು ತೋರಿಸಿ ಬಾಗಿಲು ಹಾಕಿದೆ. ಆ ಮನೆಗೆ ನಾನು ಕೊಟ್ಟ ತಲೆಬರಹ ‘ನಿರಾಳ’.

ಇಷ್ಟೆಲ್ಲ ಗೊತ್ತಿದ್ದೂ ಆಸೆ ಬಿಡಲಿಲ್ಲ. ಆ ಪುಟಗಳ ಮೋಡಿಯೇ ಅಂಥದ್ದು. ಅಲ್ಲಿ ಕುಕ್ಕರ್ ಸೀಟಿ ಹೊಡೆಯುವುದಿಲ್ಲ, ಯಾರೂ ಯಾರನ್ನೂ ಕೂಗುವುದಿಲ್ಲ. ಐವತ್ತು ದಾಟಿ, ಹೋಟೆಲು ಲಾಡ್ಜುಗಳಲ್ಲಿ ಸೊಂಟ ಹಿಡಿಸಿಕೊಂಡ ಮೇಲೆ ನನಗೆ ಬೇಕಿದ್ದದ್ದು ಇಷ್ಟೇ: ಬಿಳೀ ಗೋಡೆ, ಬಿಳೀ ಸೋಫಾ, ಮತ್ತೇನೂ ಇಲ್ಲದ ಒಂದೇ ಒಂದು ಕೋಣೆ. ಚಳ್ಳಕೆರೆ ಹತ್ತಿರದ ಕುದಾಪುರದ ಬಯಲನ್ನು ಬಸ್ಸಿನ ಕಿಟಕಿಯಿಂದ ನೋಡಿದವಳು, ಇಷ್ಟು ಖಾಲಿ ಜಾಗ ಇರುವ ಸೀಮೆಯಲ್ಲಿ ನನ್ನದೊಂದು ಖಾಲಿ ಕೋಣೆಗೆ ಏನಡ್ಡಿ ಎಂದು ಚಳ್ಳಕೆರೆಯಲ್ಲಿ ಸಣ್ಣ ಮನೆ ಕೊಂಡೆ. ಅಡ್ಡಿ ಏನೆಂದು ಕೇಳಿದ್ದೇ ತಪ್ಪಾಯಿತು.

ಎಣ್ಣೆ ಕುಡಿಯದ ಕಾಗದ

ಕೋಣೆ ಖಾಲಿಯಾಗಬೇಕಾದರೆ ಮೊದಲು ಹೋಗಬೇಕಾದದ್ದು ಪತ್ರಿಕೆಗಳೇ. ಆರು ಡಬ್ಬ ಇದ್ದವು. ಒಂದು ಡಬ್ಬವನ್ನು ಮಂಡಕ್ಕಿ–ಮಿರ್ಚಿ ಗಾಡಿಯವರಿಗೆ ಕೊಟ್ಟೆ. ಎರಡೇ ದಿನಕ್ಕೆ ಅವರು ಅದನ್ನು ಹೊತ್ತುಕೊಂಡು ವಾಪಸ್ ಬಂದರು.

“ಅಕ್ಕಾರೆ, ತಪ್ಪು ತಿಳ್ಕಬ್ಯಾಡ್ರಿ. ನಿಮ್ ಪುಸ್ತಕ ನಮಗೆ ಆಗಂಗಿಲ್ಲ.”

“ಯಾಕ್ರೀ? ಒಳ್ಳೇ ದಪ್ಪ ಕಾಗದ.”

“ದಪ್ಪ ಐತೆ, ಆದ್ರೆ ಎಣ್ಣೆ ಕುಡಿಯಲ್ಲ. ಮಿರ್ಚಿ ಇಟ್ರೆ ಸರ್ ಅಂತ ಜಾರಿ ಗಿರಾಕಿ ಶರ್ಟಿನ ಮ್ಯಾಲೆ ಕೂಡ್ತೈತೆ.”

“ಅಷ್ಟೇನಾ?”

“ಅಷ್ಟೇ ಆಗಿದ್ರೆ ನಡೀತಿತ್ತು. ತಿಂದೋರು ಜಾಗ ಬಿಡಲ್ಲ, ಕಾಗದ ನೋಡ್ಕಂತಾ ನಿಂತ್ಬಿಡ್ತಾರೆ. ನಿನ್ನೆ ಒಬ್ಬ ಹೆಣ್ಮಗಳು ಮನೆಯೊಳಗೇ ಈಜೋ ಹೊಂಡ ಇರೋ ಫೋಟೋ ನೋಡಿದ್ಲು. ಗಂಡನ್ನ ಗಾಡಿ ಮುಂದೇನೇ ತರಾಟೆಗೆ ತಗಂಡ್ಲು. ಆತ ಅರ್ಧ ಮಿರ್ಚಿ ಬಿಟ್ಟು ಎದ್ದೋದ. ದಿನದ ಪೇಪರ್‌ನಾಗೆ ಬರೀ ಕೊಲೆ, ಆಕ್ಸಿಡೆಂಟು ಇರ್ತವೆ ಅಕ್ಕಾರೆ. ಜನ ಸಮಾಧಾನವಾಗಿ ತಿಂತಾರೆ.”

ಜಾಗ ಇದ್ದರೆ ಬರ್ತೈತೆ

ಸೋಫಾ ಮಾಡಲು ಬಂದ ಬಡಗಿಯನ್ನು ಊರೆಲ್ಲ ಉಸ್ತಾದ್ ಅಂತಲೇ ಕರೆಯುವುದು. ಅರವತ್ತರ ಮೇಲಿನ ಮನುಷ್ಯ, ಕಿವಿ ಸಂದಿಯಲ್ಲಿ ಪೆನ್ಸಿಲು. ಪತ್ರಿಕೆಯ ಪುಟ ತೋರಿಸಿದೆ. ಕನ್ನಡಕ ಏರಿಸಿ, ಇಳಿಸಿ, ಬಹಳ ಹೊತ್ತು ನೋಡಿದರು.

“ಮೇಡಂ, ಈ ಮನೆಗೆ ಕರೆಂಟ್ ಇಲ್ಲ.”

“ಇಲ್ಲದೇ ಏನು ಉಸ್ತಾದ್, ದೊಡ್ಡ ಶ್ರೀಮಂತರ ಮನೆ.”

“ಸ್ವಿಚ್ ಬೋರ್ಡ್ ಎಲ್ಲೈತೆ ತೋರಿಸ್ರಿ.”

ಹುಡುಕಿದೆ. ಇರಲಿಲ್ಲ.

“ಫ್ಯಾನ್ ಇಲ್ಲ. ಬಾಗಿಲ ಹತ್ರ ಚಪ್ಪಲಿ ಇಲ್ಲ. ಒಂದು ಚೊಂಬು ನೀರಿಲ್ಲ,” ಎಂದು ನಿಟ್ಟುಸಿರು ಬಿಟ್ಟರು. “ಪಾಪ, ಮನೆ ಕಟ್ಟಿ ಸೋತು ಊರು ಬಿಟ್ಟಾರೆ.”

ಆದರೂ ಸೋಫಾ ಮಾಡಿಕೊಟ್ಟರು. ಪುಟದಲ್ಲಿದ್ದ ಸೋಫಾಕ್ಕೆ ಕಡ್ಡಿಯಂಥ ನಾಲ್ಕು ಕಾಲು, ಕೆಳಗೆ ಬರೀ ಗಾಳಿ. ಉಸ್ತಾದ್ ಮಾಡಿದ್ದಕ್ಕೆ ಕಾಲೇ ಇರಲಿಲ್ಲ; ಕೂರುವ ಹಲಗೆ ಎತ್ತಿದರೆ ಒಳಗೆ ಒಬ್ಬ ಮನುಷ್ಯ ಮಲಗುವಷ್ಟು ಪೆಟ್ಟಿಗೆ.

“ಇದೇನು ಉಸ್ತಾದ್?”

“ಕೆಳಗೆ ಸುಮ್ನೆ ಖಾಲಿ ಬಿಡೋದ್ಯಾಕೆ? ಎರಡು ಮೂಟೆ ಶೇಂಗಾ ಹಿಡಿತೈತೆ.”

“ನನ್ನ ಹತ್ರ ಶೇಂಗಾ ಎಲ್ಲಿದೆ?”

ಉಸ್ತಾದ್ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡರು. “ಜಾಗ ಇದ್ರೆ ಬರ್ತೈತೆ ಮೇಡಂ.”

ಮುತ್ತೈದೆ ಕಿಟಕಿ

ಅದೇ ಪುಟದ ಕಿಟಕಿಗೆ ಅಚ್ಚ ಬಿಳೀ ರೇಷ್ಮೆಯ ಪರದೆ ಇತ್ತು. ರೇಷ್ಮೆ ಅಂದಮೇಲೆ ಮೊಳಕಾಲ್ಮೂರು ಬಿಟ್ಟು ಎಲ್ಲಿಗೆ ಹೋಗಲಿ? ನಡುಮನೆಯಲ್ಲೇ ಮಗ್ಗ ಹೂಡಿದ್ದ ಒಂದು ಮನೆಗೆ ಹೋದೆ. ಗಂಡ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು; ಮಾತೆಲ್ಲ ಹೆಂಡತಿಯದು. ತಮ್ಮತಮ್ಮಲ್ಲಿ ತೆಲುಗು, ನನ್ನ ಜೊತೆ ಕನ್ನಡ.

“ಪೂರ್ತಿ ಬಿಳೀದು ಬೇಕು. ಅಂಚು ಬೇಡ, ಸೆರಗು ಬೇಡ, ಬುಟ್ಟಾ ಬೇಡ,” ಅಂದೆ.

ಲಾಳಿ ನಿಂತಿತು. ಆಕೆ ನನ್ನ ಬರಿಗೊರಳು ನೋಡಿ ದನಿ ತಗ್ಗಿಸಿದಳು.

“ಯಾವಾಗ ಆಯ್ತಮ್ಮಾ?”

“ಏನು?”

“ಅದೇ... ನಿಮ್ ಯಜಮಾನ್ರು...”

“ಅಯ್ಯೋ, ಅವರು ಪುಣೆಯಲ್ಲಿ ಗಟ್ಟಿಮುಟ್ಟಾಗಿದ್ದಾರೆ. ನಾವು ಬೇರೆಯಾಗಿ ಹನ್ನೆರಡು ವರ್ಷವಾಯ್ತು.”

“ಇದ್ದಾರಲ್ಲ! ಮತ್ತೆ ಎಂದುಕಮ್ಮಾ ಬಿಳೀದು?”

“ಉಡೋಕಲ್ಲಮ್ಮ, ಕಿಟಕಿಗೆ.”

ಗಂಡಹೆಂಡಿರ ನಡುವೆ ತೆಲುಗಿನಲ್ಲಿ ಗಂಭೀರ ಮಾತುಕತೆ ನಡೆಯಿತು. ಕಡೆಗೆ “ಆಯ್ತಮ್ಮಾ, ಬಿಳೀದೇ” ಅಂದಳು.

ತಿಂಗಳು ಕಳೆದು ಹೋದರೆ ಮೈಯೇನೋ ಬಿಳೀದೇ. ಅದಕ್ಕೆ ಅಂಗೈ ಅಗಲದ ಕುಂಕುಮಗೆಂಪು ಅಂಚು, ಸೆರಗಿನ ತುಂಬ ನವಿಲು, ಜೊತೆಗೊಂದು ರವಿಕೆ ಕಣ.

“ಇದೆಲ್ಲ ಬೇಡ ಅಂದಿದ್ದೆನಲ್ಲ?”

“ನೀವು ಬೇಸರದಾಗೆ ಏನೋ ಹೇಳ್ತೀರಿ, ನಾವು ಕೇಳೋಕಾಗುತ್ತಾ? ಎಲ್ಲಿದ್ರೂ ಇದ್ದಾರಲ್ಲ ಅವ್ರು. ಅಂಥಾ ಮನೆಗೆ ಬರೀ ಬಿಳೀದು ನಮ್ ಮಗ್ಗದಿಂದ ಇಳಿಯಲ್ಲಮ್ಮಾ.”

ಹೀಗೆ ಪುಣೆಯಲ್ಲಿರುವ ಮಾಜಿ ಗಂಡನ ಆಯುಸ್ಸಿನ ಬಲದಿಂದ ಚಳ್ಳಕೆರೆಯಲ್ಲಿ ನನ್ನ ಕಿಟಕಿ ಮುತ್ತೈದೆಯಾಯಿತು. ರವಿಕೆ ಹೊಲಿಸಲು ಅದರ ಅಳತೆ ಹೇಗೆ ಕೊಡುವುದೋ ನನಗಿನ್ನೂ ತಿಳಿದಿಲ್ಲ.

ಲಾರಿ ಎಲ್ಲಿ?

ಅಂತೂ ಕೋಣೆ ಸಿದ್ಧವಾಯಿತು. ಮೂರೇ ದಿನಕ್ಕೆ ಸೋಫಾ ಧೂಳು ಕುಡಿದು ಚಳ್ಳಕೆರೆಯ ಬಣ್ಣಕ್ಕೆ ತಿರುಗಿತು, ಅದು ಬೇರೆ ಮಾತು. ಬಾಗಿಲು ಹಾಕಿಕೊಂಡು ಕೂತೆ. ಹತ್ತು ನಿಮಿಷವಾಗಿರಲಿಲ್ಲ, ಎದುರುಮನೆಯಾಕೆ ತಟ್ಟಿದಳು. ಗಂಡ ಲಾರಿ ಮೆಕ್ಯಾನಿಕ್, ಮನೆಮಾತು ಉರ್ದು, ಕೈಯಲ್ಲಿ ಮುಚ್ಚಿದ ತಟ್ಟೆ.

“ಆಪಾ, ನಿಮ್ ಸಾಮಾನು ಯಾವಾಗ ಬರ್ತೈತೆ?”

“ಬಂದಾಯ್ತಮ್ಮ. ಇಷ್ಟೇ.”

ಆಕೆ ನಕ್ಕು ಹೋದಳು. ಮರುದಿನ ಇನ್ನೊಂದು ತಟ್ಟೆ, ಅದೇ ಪ್ರಶ್ನೆ. ಮೂರನೇ ದಿನ ಗಂಡನನ್ನೇ ಕರೆತಂದಳು. ಅವರು ಕೈಗೆ ಮೆತ್ತಿದ್ದ ಗ್ರೀಸ್ ಒರೆಸಿಕೊಳ್ಳುತ್ತ ನನ್ನ ಖಾಲಿ ಕೋಣೆಯನ್ನು ಸಾವಿನ ಮನೆಗೆ ಬಂದವರ ಹಾಗೆ ನೋಡಿದರು.

“ಸಂಕೋಚ ಬ್ಯಾಡ್ರಿ ಆಪಾ. ಲಾರಿ ಎಲ್ಲಿ ಕೆಟ್ಟು ನಿಂತೈತೆ ಹೇಳ್ರಿ, ನಾನೇ ಹೋಗಿ ಎಬ್ಬಿಸ್ಕೊಂಡ್ ಬರ್ತೀನಿ.”

“ಲಾರೀನೇ ಇಲ್ರೀ. ನನಗೆ ಖಾಲಿ ಇರೋದೇ ಇಷ್ಟ.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಮೆಕ್ಯಾನಿಕ್ ಮೆತ್ತಗೆ ಕೇಳಿದರು: “ಡ್ರೈವರ್ ಓಡೋದ್ನಾ?”

ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಯಿತು: ನನ್ನ ಜೀವಮಾನದ ಸಾಮಾನನ್ನು ಲಾರಿ ಸಮೇತ ಯಾರೋ ಹೊಡೆದುಕೊಂಡು ಹೋಗಿದ್ದಾರೆ. ಅಂಥದ್ದೇನೂ ಇಲ್ಲ ಎಂದು ನಾನು ಹೇಳಿದಷ್ಟೂ, ಎಷ್ಟು ಗಟ್ಟಿ ಹೆಂಗಸು ಎಂದು ಹೆಸರು ಬಂತು. ಮಿರ್ಚಿ ಗಾಡಿಯವರು ಅವತ್ತು ಎರಡು ಮಿರ್ಚಿ ಹೆಚ್ಚಿಗೆ ಹಾಕಿ, “ತಿನ್ರಿ ಅಕ್ಕಾರೆ, ಹೊಟ್ಟೆ ಏನ್ ಪಾಪ ಮಾಡೈತೆ” ಅಂದರು.

ಫೋಟೋ ದಿನ

ಅಷ್ಟರಲ್ಲಿ ನಮ್ಮ ಸಂಪಾದಕರಿಗೆ ಒಂದು ಯೋಚನೆ ಹೊಳೆಯಿತು: ಊರವರ ಮನೆಗೆಲ್ಲ ತಲೆಬರಹ ಕೊಟ್ಟವಳ ಸ್ವಂತ ಮನೆ, ಎರಡು ಪುಟ. ಬೆಂಗಳೂರಿನಿಂದ ಫೋಟೋಗ್ರಾಫರ್ ಬಂದ. ಬೆಳಗ್ಗೆ ಮೊಳಕಾಲ್ಮೂರಿನ ಮಗ್ಗ, ಮಧ್ಯಾಹ್ನ ನನ್ನ ಕೋಣೆ ಎಂದು ಮಾತಾಯಿತು. ಕರೆಂಟ್ ಬಂದರೆ ಮೋಟರ್ ಹಾಕಮ್ಮ ಎಂದು ಎದುರುಮನೆಯಾಕೆಗೆ ಕೀಲಿ ಕೊಟ್ಟೆ. ಫೋಟೋದವರು ಬರುತ್ತಾರೆ ಅಂತಲೂ ಬಾಯಿ ಬಿಟ್ಟೆ.

ಆ ಓಣಿಯಲ್ಲಿ ಒಂದು ಪದ್ಧತಿ ಇದೆ. ಯಾರ ಮನೆಗೆ ಹೆಣ್ಣು ನೋಡಲು ಬಂದರೂ ಎಲ್ಲರ ಮನೆಯ ಒಳ್ಳೇ ಕುರ್ಚಿ, ಒಳ್ಳೇ ಕಪ್ಪು ಬಸಿ ಆ ಮನೆಗೆ ಹೋಗುತ್ತವೆ; ಬಂದವರ ಮುಂದೆ ಓಣಿಯ ಮಾನ ಹೋಗಬಾರದು. ಇದು ನನಗೆ ಗೊತ್ತಾದದ್ದು ಮೂರು ಗಂಟೆಗೆ, ವಾಪಸ್ ಬಂದು ಬಾಗಿಲು ತೆಗೆದಾಗ.

ಗೋಡೆಗೆ ಎದುರುಮನೆಯ ಗಾಜಿನ ಶೋಕೇಸು, ಅದರ ತುಂಬ ಹೈದರಾಬಾದಿನ ಪಿಂಗಾಣಿ. ಸೋಫಾದ ಮೇಲೆ ಹಸಿರು ಮಖಮಲ್ಲು. ಪ್ಲಾಸ್ಟಿಕ್ ಗುಲಾಬಿ, ಗಂಟೆ ಹೊಡೆಯುವ ಗಡಿಯಾರ, ಟೀಪಾಯಿ, ಅದರ ಮೇಲಿನ ಕುಸುರಿ ಬಟ್ಟೆ, ಯಾರದ್ದೋ ಹೊಲಿಗೆ ಮಷೀನು. ಎಂಟು ಜನ ಹೆಂಗಸರು ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಸೋಫಾ ಹಲಗೆ ಎತ್ತಿ ನೋಡಿದೆ. ಎರಡು ಮೂಟೆ ಶೇಂಗಾ.

ಎದುರುಮನೆಯಾಕೆ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: “ಲಾರಿ ಬರ್ಲಿಲ್ಲ ಅಂತ ಬೆಂಗ್ಳೂರೋರ ಮುಂದೆ ತಲೆ ತಗ್ಗಿಸ್ತೀರಾ? ನಾವು ಇಲ್ವಾ ಆಪಾ?”

 ಫೋಟೋಗ್ರಾಫರ್ ಅಂತೂ ಕುಣಿದಾಡಿಬಿಟ್ಟ. “ಮೇಡಂ, ಎಷ್ಟು ಜೀವಂತಿಕೆ!” ಎಂದು ಕ್ಯಾಮೆರಾ ಬಿಸಿಯಾಗುವವರೆಗೆ ತೆಗೆದ. ಎರಡು ಪುಟದ ಬದಲು ನಾಲ್ಕು ಪುಟ ಬಂತು. ಕೆಳಗಿನ ಸಾಲು ಬರೆಯಬೇಕಾದವಳು ನಾನೇ. ಬರೆದೆ. ತಲೆಬರಹಕ್ಕೆ ‘ನಿರಾಳ’ ಎಂಬ ಪದ ಬಳಸಲಿಲ್ಲ.

ಪತ್ರಿಕೆ ತಲುಪಿದ ದಿನ ಅದನ್ನು ಆಕೆಗೆ ಕೊಟ್ಟು, “ಇನ್ನು ನಿಮ್ಮ ಸಾಮಾನು ಒಯ್ಯಿರಿ” ಅಂದೆ.

“ಅದ್ಹೆಂಗಾಗ್ತೈತೆ ಆಪಾ? ಪುಸ್ತಕದಾಗೆ ನಿಮ್ ಮನೆ ಅಂತ ಬಂದೈತೆ. ಈಗ ತಗದ್ರೆ ನೀವು ಸುಳ್ಳು ಹೇಳಿದಂಗಾಗಲ್ವಾ? ಲಾರಿ ಬರೋತನಕ ಇರ್ಲಿ.”

ಇಲ್ಲದ ಲಾರಿಯನ್ನು ಎಷ್ಟು ದಿನ ಕಾಯುವುದು? ಗಡಿಯಾರ ಗಂಟೆಗೊಮ್ಮೆ ಬಾರಿಸುತ್ತದೆ, ಶೇಂಗಾದವರು ಬೇಕೆಂದಾಗ ಬಂದು ನನ್ನನ್ನು ಸೋಫಾದಿಂದ ಎಬ್ಬಿಸುತ್ತಾರೆ. ಮೊನ್ನೆ ಮಧ್ಯಾಹ್ನ ಪೇಟೆಯಿಂದ ಬಂದವಳೇ, ಕಾಲಿಗೆ ಬಿದ್ದಾದರೂ ಸಾಮಾನು ಒಯ್ಯಲು ಒಪ್ಪಿಸೋಣ ಎಂದು ಎದುರುಮನೆಗೆ ಹೋಗಿ ಬಾಗಿಲು ತಟ್ಟಿದೆ. ತೆಗೆದೇ ಇತ್ತು.

ಹೊಸಿಲಲ್ಲೇ ನಿಂತುಬಿಟ್ಟೆ. ಶೋಕೇಸು ಹೋದ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಟೀಪಾಯಿ ಇಲ್ಲ, ಗಡಿಯಾರ ಇಲ್ಲ, ಗುಲಾಬಿ ಇಲ್ಲ. ತಣ್ಣನೆಯ ನೆಲದ ನಡುವೆ ಆಕೆ ಒಬ್ಬಳೇ ಕಾಲು ಚಾಚಿ ಕೂತು ನನ್ನ ಪತ್ರಿಕೆಯ ಪುಟ ತಿರುವುತ್ತಿದ್ದಳು. ನಾನು ಲಿಸ್ಬನ್‌ವರೆಗೆ ಹುಡುಕಿಕೊಂಡು ಹೋಗಿದ್ದ ಕೋಣೆ ಅದು.

“ಬನ್ರಿ ಆಪಾ. ಸಾಮಾನಿಲ್ದೆ ಎಷ್ಟು ಆರಾಮೈತೆ ಗೊತ್ತಾ? ಇಷ್ಟು ವರ್ಷ ನಂಗೆ ಒಬ್ರೂ ಹೇಳ್ಲಿಲ್ಲ ನೋಡ್ರಿ.”

 ಸುಮ್ಮನೆ ಹೋಗಿ ಪಕ್ಕದಲ್ಲಿ ಕೂರೋಣ ಎಂದು ಕಾಲಿಟ್ಟೆ. ಆಕೆಯ ಕಣ್ಣು ನನ್ನ ಹೆಗಲಿಗೆ ಬಿತ್ತು.

“ಆ ಬ್ಯಾಗು ಹೊರಗಿಟ್ಟು ಬನ್ರಿ,” ಅಂದಳು. “ಒಂದು ಒಳಗ್ ಬಂದ್ರೆ ಅದರ ಹಿಂದೆ ಇನ್ನೊಂದ್ ಬರ್ತೈತೆ.”